ಪೆನ್ಸಿಲ್ ಗೆರೆಯ ಮೇಲೆ ಮೂರು ಬೆರಳು

ನಗುವವರು ಈಗಲೇ ನಕ್ಕು ಮುಗಿಸಿಬಿಡಿ. ನಡುವೆ ನಗಬಾರದು. ಮತ್ತೆ... ಆ ಬಾತ್‌ರೂಮಿನ ಬಾಗಿಲು ಹಾಕಿ ಬನ್ನಿ. ಹೂಂ, ಸರಿಯಾಗಿ ಹಾಕಿ.

ಇದು ಎಲ್ಲೋ ಯಾರೋ ಹೇಳಿದ್ದಲ್ಲ. ನಮ್ಮ ದೊಡ್ಡಪ್ಪನ ಮಗನಿಗೇ ಆದದ್ದು. ಅವನನ್ನು ನಾವೆಲ್ಲ ಕರೆಯುವುದು ಕಮಿಷನರ್ ಅಂತ. ಯಾವ ಕಮಿಷನರೂ ಅಲ್ಲ, ರಟ್ಟಿನ ಡಬ್ಬಿ ಮಾಡುವ ಕಾರ್ಖಾನೆಯಲ್ಲಿ ಗೋದಾಮಿನ ಸೂಪರ್‌ವೈಸರ್. ಆದರೆ ಆ ನಡಿಗೆ, ಆ ಹುಬ್ಬು, ಎದುರಿಗೆ ನಿಂತವರನ್ನು ಕಾಲಕಸಕ್ಕಿಂತ ಕಡೆಯಾಗಿ ನೋಡುವ ಆ ನೋಟ... ನಿಜವಾದ ಕಮಿಷನರಿಗೂ ಅಷ್ಟು ಇರಲಾರದು.

ಆ ರಾತ್ರಿ ಎರಡನೇ ಪಾಳಿ ಮುಗಿಸಿಕೊಂಡು ಹನ್ನೊಂದೂವರೆಗೆ ನಡೆದು ಬರುತ್ತಿದ್ದ. ತಲೆಯಲ್ಲಿ ಒಂದೇ ವಿಷಯ. ಟಬ್ಬೋ, ಶವರೋ? ಮನೆಯ ಬಾತ್‌ರೂಮು ಒಡೆಸಿ ಹೊಸದು ಮಾಡಿಸುತ್ತಿದ್ದ. ಐದಡಿಗೆ ಏಳಡಿ ಜಾಗ, ಎರಡರಲ್ಲಿ ಒಂದೇ ಹಿಡಿಯುವುದು. ಹೆಂಡತಿ ಶವರ್ ಅಂದಿದ್ದಳು. ಪ್ಲಂಬರ್ ಶವರ್ ಅಂದಿದ್ದ. ಹಾಗಾಗಿ ಅವನಿಗೆ ಟಬ್ಬೇ ಬೇಕಾಗಿತ್ತು.

ಓಣಿಯ ತಿರುವಿನಲ್ಲಿ ಒಂದು ಹಳೆಯ ಬಾವಿ. ನೀರು ಬತ್ತಿ ಯಾವ ಕಾಲವಾಯಿತೋ, ಮೇಲೆ ಕಾಂಕ್ರೀಟ್ ಚಪ್ಪಡಿ ಮುಚ್ಚಿದ್ದಾರೆ. ಅದರ ಪಕ್ಕ ಒಂದು ಮನೆಯ ಮುರಿದ ಪಾಯ. ಆ ಪಾಯದ ಮೇಲೆ ಒಂದು ಕಬ್ಬಿಣದ ಟಬ್, ಮಗುಚಿ ಹಾಕಿದ್ದು. ಹಳೇ ಕಬ್ಬಿಣದವರು ಆ ಓಣಿಯಲ್ಲಿ ತುಕ್ಕು ಹಿಡಿದ ಮೊಳೆಯನ್ನೂ ಬಿಡುವುದಿಲ್ಲ. ಆ ಟಬ್ಬನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ.

ಅಲ್ಲಿಗೆ ಬಂದಾಗ ಶಬ್ದ ಕೇಳಿಸಿತು.

ಧುಡುಂ ಅಲ್ಲ. ಪಚಕ್ ಅಲ್ಲ. ತುಂಬಿದ ತೊಟ್ಟಿಯಲ್ಲಿ ಯಾರಾದರೂ ಅಂಚು ಹಿಡಿದು ಮೆಲ್ಲಗೆ, ಮೆಲ್ಲಗೆ ಕೂತರೆ ಬರುತ್ತದಲ್ಲ... ಬ್ಳ... ಳ... ಕ್. ಅದು.

ಬೇರೆ ಯಾರಾದರೂ ಆಗಿದ್ದರೆ ಕಾಲಿಗೆ ಬುದ್ಧಿ ಹೇಳುತ್ತಿದ್ದರು. ಇವನು ಕಮಿಷನರ್. "ಥೂ, ಇಲಿ," ಅಂದ. ಹೋಗಿ ಟಬ್ಬಿಗೆ ಒಂದು ಒದೆ ಕೊಟ್ಟ. ಟಣ್... ಣ್... ಣ್... ಅಂತ ಆ ಸದ್ದು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಂತಿತು. ಅವನಿಗೆ ಖುಷಿಯಾಯಿತು. ಎರಕದ ಕಬ್ಬಿಣ! ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಚಿಪ್ಪಲ್ಲ. ಅದೂ ಬಿಟ್ಟಿ. ಈ ಓಣಿಯ ದಡ್ಡರಿಗೆ ಇಷ್ಟು ವರ್ಷ ಕಣ್ಣೇ ಕಂಡಿಲ್ಲ ಅಂತ ನಗುತ್ತಾ ಮನೆಗೆ ಬಂದ.

ಬೆಳಿಗ್ಗೆ ಟೆಂಪೋದಲ್ಲಿ ಟಬ್ ಬಂತು.

ಪ್ಲಂಬರ್ ಮೇಸ್ತ್ರಿ ಅಳತೆಪಟ್ಟಿ ಬಿಚ್ಚಿ ನೋಡಿದ. ಅಂಚು ಮೊಣಕಾಲಿಗಿಂತ ಎತ್ತರ. "ಸಾರ್, ಇದನ್ನ ಕೂರಿಸಿದ್ರೆ ಕಾಲಿಡೋಕೂ ಜಾಗ ಇರಲ್ಲ. ಶವರ್ ಹಾಕೋಣ. ನೆಲ ಸ್ವಲ್ಪ ಇಳಿಜಾರು, ಗೋಡೆಗೊಂದು ಹಿಡಿ, ಕೂತ್ಕೊಳ್ಳೋಕೆ ಒಂದು ಕಟ್ಟೆ. ಅಮ್ಮನಿಗೂ ಅನುಕೂಲ."

ಅಮ್ಮ ಅಂದರೆ ನಮ್ಮತ್ತೆ, ಅಪ್ಪನ ಅಕ್ಕ. ಇವನ ತಾಯಿ ತೀರಿಕೊಂಡಾಗ ಇವನಿಗೆ ನಾಲ್ಕು ವರ್ಷ. ಸಾಕಿದ್ದು, ಮೀಯಿಸಿದ್ದು, ಓದಿಸಿದ್ದು ಎಲ್ಲ ಅತ್ತೆ. ಹೋದ ವರ್ಷ ಜಾರಿ ಬಿದ್ದು ಸೊಂಟದ ಮೂಳೆಗೆ ಆಪರೇಶನ್ ಆಗಿತ್ತು. ವಾಕರ್ ಹಿಡಿದು ನಡೆಯುತ್ತಾರೆ. ಟಕ್... ಸರ್ರ್... ಟಕ್... ಸರ್ರ್. ಆ ಸದ್ದು ಕೇಳಿದರೆ ಇವನಿಗೆ ಮೈ ಉರಿ.

"ನಿನ್ನ ಬುದ್ಧಿ ಪೈಪಿನೊಳಗೆ ಇಟ್ಕೋ ಮೇಸ್ತ್ರಿ," ಅಂದ. "ಶವರ್ ಅಂತೆ! ಲಾಡ್ಜ್ ನಡೆಸ್ತಾ ಇದೀನಾ ನಾನು? ಅತ್ತೆಗೆ ಹಿಂದುಗಡೆ ಬಟ್ಟೆ ಒಗೆಯೋ ಕಲ್ಲಿದೆ, ಒಂದು ಬಕೆಟ್ ಇದೆ. ಸಾಕು."

ಅತ್ತೆ ಬಾಗಿಲಲ್ಲೇ ನಿಂತಿದ್ದರು. ಟಬ್ಬನ್ನೇ ನೋಡುತ್ತಿದ್ದರು. "ಲೋ, ಇದನ್ನ ಎಲ್ಲಿಂದ ತಂದೆ? ಬಾವಿ ಹತ್ರ ಇತ್ತಲ್ಲ, ಅದಾ?... ಮಗುಚಿ ಹಾಕಿದ್ರಲ್ಲೋ. ಯಾಕೆ ನೆಟ್ಟಗೆ ಮಾಡಿದೆ?"

"ಮಗುಚಿದ್ರೆ ನೀರು ನಿಲ್ಲಲ್ಲ, ಅದಕ್ಕೆ," ಅಂದು ಇವನು ತನ್ನ ಜೋಕಿಗೆ ತಾನೇ ನಕ್ಕ.

ರಾತ್ರಿ ಹೆಂಡತಿಯ, ಅಂದರೆ ನಮ್ಮ ಅತ್ತಿಗೆಯ, ಹತ್ತಿರ ನಿಜ ಬಾಯಿಬಿಟ್ಟ. "ಶವರ್ ಹಾಕಿದ್ರೆ ಅವಳು ಇನ್ನೂ ಹತ್ತು ವರ್ಷ ಇಲ್ಲೇ ಠಿಕಾಣಿ. ಟಬ್ಬಾದ್ರೆ ಕಾಲೆತ್ತಿ ಒಳಗಿಡೋಕಾಗಲ್ಲ. ಆ ಕಲ್ಲಿನ ಹತ್ರ ಎರಡು ದಿನ ಚಳೀಲಿ ಮೀಯ್ತಾಳೆ. ಮೂರನೇ ದಿನ ಅವಳೇ ಕೇಳ್ತಾಳೆ, ವೃದ್ಧಾಶ್ರಮಕ್ಕೆ ಬಿಟ್ಬಿಡಪ್ಪ ಅಂತ. ನಾವು ಕಳಿಸಿದ ಹಾಗೂ ಆಗಲ್ಲ."

ಅತ್ತಿಗೆ ಮುಖ ಆ ಕಡೆ ತಿರುಗಿಸಿ ಮಲಗಿದಳು. ಹೊರಗೆ ಟಕ್... ಅಂದಿತು. ಸರ್ರ್ ಅನ್ನಲಿಲ್ಲ. ಕೇಳಿಸಿಕೊಂಡವರು ಬಾಗಿಲ ಹೊರಗೆ ಹಾಗೇ ನಿಂತುಬಿಟ್ಟಿದ್ದರು.

ಇಂಥವನನ್ನು ಏನನ್ನಬೇಕು ನೀವೇ ಹೇಳಿ. ಸಾಕಿದವಳನ್ನು ಹೊರಗೆ ಹಾಕುವುದಕ್ಕೆ ಬಾಯಿ ಬಿಟ್ಟು ಹೇಳುವಷ್ಟು ಗಂಡಸುತನವೂ ಇಲ್ಲ. ಒಂದು ಟಬ್ಬಿನ ಹಿಂದೆ ಅಡಗಿಕೊಂಡ.

ಮೇಸ್ತ್ರಿ ಟಬ್ ಕೂರಿಸಿದ. ಅವನದೊಂದು ಪದ್ಧತಿ. ನಲ್ಲಿಯ ಸಂಪರ್ಕ ಕೊಡುವ ಮುಂಚೆ ಬಿರಡೆ ಹಾಕಿ, ಹೊರಗಿನ ಪೈಪಿನಿಂದ ನೀರು ತುಂಬಿಸಿ, ನೀರು ನಿಂತ ಮಟ್ಟಕ್ಕೆ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆಯುತ್ತಾನೆ. ಒಂದು ರಾತ್ರಿ ಹಾಗೇ ಬಿಡುತ್ತಾನೆ. ನೀರು ಗೆರೆಯಿಂದ ಇಳಿದಿದ್ದರೆ ಎಲ್ಲೋ ಸೋರುತ್ತಿದೆ ಅಂತ ಅರ್ಥ. ಇಪ್ಪತ್ತೆರಡು ವರ್ಷದಿಂದ ಹಾಗೇ ಮಾಡಿಕೊಂಡು ಬಂದವನು. ಅವತ್ತೂ ಹಾಗೇ ಮಾಡಿ, ಪೈಪು ಸುತ್ತಿಕೊಂಡು ಹೋದ.

ಬೆಳಿಗ್ಗೆ ಬಂದು ನೋಡಿದ. ನೀರು ಇಳಿದಿರಲಿಲ್ಲ.

ಏರಿತ್ತು.

ಗೆರೆ ನೀರಿನೊಳಗಿತ್ತು. ಮೇಸ್ತ್ರಿ ಬೆರಳಿಟ್ಟು ಅಳೆದ. ಒಂದು... ಎರಡು... ಮೂರು ಬೆರಳು. ಕೈಯನ್ನು ಸರಕ್ಕನೆ ಹಿಂದಕ್ಕೆಳೆದುಕೊಂಡು ಅಂಗಿಗೆ ಒರೆಸಿಕೊಂಡ.

"ಸಾರ್, ಇಳಿದ್ರೆ ನನ್ನ ತಪ್ಪು, ಸರಿ ಮಾಡ್ತೀನಿ. ಏರಿದ್ರೆ... ಅದು ನನ್ನ ಕೆಲಸ ಅಲ್ಲ."

"ಯಾರೋ ನೀರು ಸುರಿದಿದಾರೆ."

"ಮೂರು ಬೆರಳು ಏರಬೇಕಾದ್ರೆ ಮೂರು ಬಕೆಟ್ ಬೇಕು. ನೆಲ ನೋಡಿ, ಒಂದು ಹನಿ ಇಲ್ಲ." ಮೇಸ್ತ್ರಿ ದನಿ ತಗ್ಗಿಸಿದ. "ಇಲ್ಲಾಂದ್ರೆ... ಯಾರಾದ್ರೂ ಒಳಗೆ ಕೂತಿರಬೇಕು. ಒಂದು ಸಣಕಲು ಆಳು."

ಕಮಿಷನರ್ ಮೂಗು ಮುರಿದ. ಅವನಿಗೆ ಎಲ್ಲ ಅರ್ಥವಾಗಿತ್ತು. ಇದು ಮುದುಕಿಯ ಕೈವಾಡ. ಟಬ್ ಕೆಡಿಸಿ ಶವರ್ ಹಾಕಿಸಿಕೊಳ್ಳುವ ಹುನ್ನಾರ. ಒಂದು ಚೊಂಬು ಎತ್ತುವುದಕ್ಕೆ ಎರಡು ಕೈ ಬೇಕಾದ ಅತ್ತೆ ಮೂರು ಬಕೆಟ್ ಹೊತ್ತು ತಂದರಂತೆ! ಇವನ ತಲೆಗೆ ಅದೇ ಸರಿ ಅನ್ನಿಸಿತು. "ಖಾಲಿ ಮಾಡಿ ಮತ್ತೆ ತುಂಬಿಸು. ಇವತ್ತು ಕಳ್ಳಿಯನ್ನ ಹಿಡೀತೀನಿ."

ಆ ರಾತ್ರಿ ಅತ್ತೆಯ ಕೋಣೆಗೆ ಹೊರಗಿನಿಂದ ಬೀಗ ಹಾಕಿದ. ಕೀಲಿ ಅಂಗಿಯ ಜೇಬಿಗಿಳಿಸಿದ. ಹೌದು, ಬೀಗ ಹಾಕಿದ! ಇನ್ನೊಂದು ಕೀಲಿ ಎಲ್ಲೋ ಇರುತ್ತದೆ, ಅದನ್ನು ತೆಗೆದುಕೊಂಡು ಬರುತ್ತಾಳೆ, ಕೈಯಾರೆ ಹಿಡಿಯುತ್ತೇನೆ ಅಂತ ಅವನ ಲೆಕ್ಕಾಚಾರ. ಬಕೆಟ್ ಬೋರಲು ಹಾಕಿ ಬಾತ್‌ರೂಮಿನ ಮೂಲೆಯಲ್ಲಿ ಕೂತ. ಕೈಯಲ್ಲಿ ಟಾರ್ಚು.

ಹನ್ನೆರಡಾಯಿತು. ಒಂದಾಯಿತು. ಸೊಳ್ಳೆ ಗುಂಯ್ ಅನ್ನುವುದು ಬಿಟ್ಟರೆ ಏನೂ ಇಲ್ಲ.

ಆಮೇಲೆ ಸೊಳ್ಳೆಯೂ ನಿಂತಿತು.

ಕಿರ್... ಒದ್ದೆ ಅಂಗೈ ಕಬ್ಬಿಣದ ಅಂಚಿನ ಮೇಲೆ ಜಾರಿದ ಸದ್ದು.

ಬ್ಳ...

ಳ...

ಕ್.

ಟಾರ್ಚ್ ಹಾಕಿದ. ಟಬ್ಬಿನಲ್ಲಿ ಯಾರೂ ಇಲ್ಲ. ಆದರೆ ನೀರು ಏರುತ್ತಿತ್ತು. ಪೆನ್ಸಿಲ್ ಗೆರೆ ಮುಳುಗಿತು. ಒಂದು ಬೆರಳು. ಎರಡು. ಮೂರು... ನಿಂತಿತು. ನಡುವಿನಲ್ಲಿ ಮಾತ್ರ ಸಣ್ಣಗೆ ಅಲೆ. ಒಳಗೆ ಯಾರೋ ಉಸಿರಾಡುತ್ತಿದ್ದ ಹಾಗೆ.

"ಯಾರಪ್ಪ ಅದು?"

ಪಿಸುದನಿ. ವಯಸ್ಸಾದ ಹೆಂಗಸಿನದು.

"ಅ... ಅತ್ತೆ?"

"ಕೈ ಕೊಡು ಮಗ... ಏಳಕ್ಕಾಗ್ತಿಲ್ಲ."

ಬಕೆಟ್ಟಿನಿಂದ ಜಾರಿದ.

"ಚಳಿ ಆಗ್ತಿದೆ... ಎಬ್ಬಿಸು."

ಕಮಿಷನರ್ ಅಂಬೆಗಾಲಿಟ್ಟುಕೊಂಡು ಹೊರಗೆ ಬಂದ. ಲುಂಗಿ ಒಳಗೇ ಉಳಿಯಿತು. ಕಿರುಚಾಟಕ್ಕೆ ಅತ್ತಿಗೆ ಓಡಿ ಬಂದಳು. ಅವನು ಕೀಲಿ ಚಾಚಿ ಅತ್ತೆಯ ಕೋಣೆ ತೋರಿಸಿದ. ಕೀಲಿ ನೋಡಿದಾಗಲೇ ಅವಳಿಗೆ ಬೀಗದ ವಿಷಯ ಗೊತ್ತಾದದ್ದು. "ಥೂ ನಿಮ್ಮ..." ಅಂದಳಂತೆ. ಹೋಗಿ ಬೀಗ ತೆಗೆದು, ಕೀಲಿಯನ್ನು ಅವನ ಮೇಲೆಸೆದಳು.

ಟಕ್... ಸರ್ರ್... ಟಕ್... ಸರ್ರ್. ಆ ಸದ್ದು ಕೇಳಿ ಅವನಿಗೆ ಹೋದ ಜೀವ ಬಂದ ಹಾಗಾಯಿತು.

"ಟಾರ್ಚ್ ಹಿಡ್ಕೋ, ನೆಟ್ಟಗೆ," ಅಂದರು ಅತ್ತೆ. ಬಾತ್‌ರೂಮಿನೊಳಗೆ ಹೋದರು. ವಾಕರ್ ಬಿಟ್ಟರು. ಒಂದು ಕೈ ಗೋಡೆಗೆ ಕೊಟ್ಟು ಇನ್ನೊಂದು ಕೈ ಯಾರೂ ಕಾಣದ ಟಬ್ಬಿನ ಮೇಲೆ ಚಾಚಿದರು.

"ಬಾಮ್ಮ. ನನ್ನ ಕೈ ಹಿಡ್ಕೋ. ನಿಧಾನ... ನನಗೂ ಸೊಂಟ ಸರಿಯಿಲ್ಲ."

ಅತ್ತೆಯ ತೋಳು ಭಾರಕ್ಕೆ ಕೆಳಗೆ ಜಗ್ಗಿತು. ನಡುಗಿತು. ಆಮೇಲೆ ಮೇಲೆದ್ದಿತು. ನೀರಿನ ಮೇಲೆ ತೊಟ... ತೊಟ... ತೊಟ... ಅಂತ ಹನಿ. ಒದ್ದೆ ಸೀರೆಯಿಂದ ಬೀಳುತ್ತದಲ್ಲ, ಹಾಗೆ. ನೀರು ಇಳಿಯಿತು. ಪೆನ್ಸಿಲ್ ಗೆರೆ ಕಾಣಿಸಿತು. ಸರಿಯಾಗಿ ಗೆರೆಗೇ ಬಂದು ನಿಂತಿತು.

ಅತ್ತೆ ತುಂಬ ಹೊತ್ತು ಏದುಸಿರು ಬಿಟ್ಟರು. ಆಮೇಲೆ ಇವನ ಕಡೆ ತಿರುಗಿದರು. ಕೋಪ ಇರಲಿಲ್ಲ. ಅದಕ್ಕಿಂತ ಕೆಟ್ಟದ್ದಿತ್ತು. ಗೋಡೆಯ ಮೇಲಿನ ಹಲ್ಲಿಯನ್ನು ನೋಡುವ ಹಾಗೆ ನೋಡಿದರು.

"ಆ ಬಾವಿ ಪಕ್ಕದ ಮನೇಲಿ ಒಬ್ಬಳು ಮುದುಕಿ ಇದ್ದಳು. ಮಗ ಟಬ್ಬಲ್ಲಿ ಕೂರಿಸಿ, ಬಾಗಿಲಿಗೆ ಬೀಗ ಹಾಕ್ಕೊಂಡು ಎಲ್ಲೋ ಹೋದ. ಎಬ್ಬಿಸೋಕೆ ಯಾರೂ ಬರಲಿಲ್ಲ. ನಾನಾಗ ಚಿಕ್ಕವಳು, ಓಣಿಯೋರೆಲ್ಲ ಸೇರಿ ಟಬ್ ಮಗುಚಿದ್ದು ನೋಡಿದೀನಿ." ಕೈ ಚಾಚಿದರು. "ಕೀಲಿ ಕೊಡು ಇಲ್ಲಿ."

ಕೊಟ್ಟ.

ಮಾರನೆಯ ದಿನವೇ ಟಬ್ ಬಾವಿಯ ಹತ್ತಿರ ಹೋಯಿತು. ಮೇಸ್ತ್ರಿ ಶವರ್ ಹಾಕಿದ. ಇಳಿಜಾರು ನೆಲ, ಗೋಡೆಗೆ ಹಿಡಿ, ಕೂರಲು ಕಟ್ಟೆ. "ಕಟ್ಟೆ ಸ್ವಲ್ಪ ಉದ್ದ ಕಟ್ಟು," ಅಂದರು ಅತ್ತೆ. "ಇಬ್ಬರು ಕೂರೋ ಹಾಗೆ."

"ಇನ್ನೊಬ್ಬರು ಯಾರಮ್ಮ?"

"ಕಟ್ಟಪ್ಪ ನೀನು."

ಅತ್ತೆ ಅಲ್ಲೇ ಇದ್ದಾರೆ. ವೃದ್ಧಾಶ್ರಮದ ಸುದ್ದಿ ಮತ್ತೆ ಆ ಮನೆಯಲ್ಲಿ ಹುಟ್ಟಿಲ್ಲ. ಕಮಿಷನರ್ ಮಾತ್ರ ಇವತ್ತಿಗೂ ಆ ಬಾತ್‌ರೂಮಿನೊಳಗೆ ಕಾಲಿಟ್ಟಿಲ್ಲ. ಹಿಂದುಗಡೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ, ಒಂದು ಬಕೆಟ್ ಇಟ್ಟುಕೊಂಡು ಚಳಿಯಲ್ಲಿ ಮೀಯುತ್ತಾನೆ. ಹುಬ್ಬು ಈಗ ಏರುವುದಿಲ್ಲ. ನನಗೆ ಅವನ ಮೇಲೆ ಅಯ್ಯೋ ಪಾಪ ಅಂತ ಒಂದು ಸಲವೂ ಅನ್ನಿಸಿಲ್ಲ.

ಸುಳ್ಳು ಅನ್ನಿಸಿದರೆ ಬಿಡಿ. ಹೋದ ತಿಂಗಳು ನಾನು ಅಲ್ಲಿ ಎರಡು ದಿನ ಇದ್ದು ಬಂದೆ. ಅತ್ತೆ ಬೆಳಿಗ್ಗೆ ಸ್ನಾನಕ್ಕೆ ಒಬ್ಬರೇ ಹೋಗುತ್ತಾರೆ. ಹೆಗಲ ಮೇಲೆ ಎರಡು ಟವೆಲ್. ಅವರು ಹೊರಗೆ ಬಂದ ಮೇಲೆ ನಾನು ಟವೆಲ್ ಒಣಹಾಕಿದ್ದ ಹಗ್ಗದ ಹತ್ತಿರ ಹೋಗಿ ಮುಟ್ಟಿ ನೋಡಿದೆ. ನನ್ನ ಕೈಯಾರೆ...

ಎರಡೂ ಒದ್ದೆ.