ಫ್ರೀಜರಿನಲ್ಲಿ ಅತ್ತೆಯ ಕೌದಿ

ಹಲ್ಲಿನ ಡಾಕ್ಟರ ಹತ್ತಿರ ಸರದಿಗೆ ಕಾಯುತ್ತಿದ್ದೆ. ಎದುರು ಬೆಂಚಿನಲ್ಲಿ ನನಗೆ ಗುರುತಿಲ್ಲದ ಅತ್ತಿಗೆ-ನಾದಿನಿಯರಿಬ್ಬರು ಕೂತಿದ್ದರು. ಅತ್ತಿಗೆಯ ಕೆನ್ನೆ ಊದಿತ್ತು. ನಾಲಿಗೆಗೆ ಮಾತ್ರ ಏನೂ ಆಗಿರಲಿಲ್ಲ. ನಾದಿನಿ ಊರಿನ ಹೊಸ ಮ್ಯೂಸಿಯಮ್ಮಿನಲ್ಲಿ ಹಳೆಯ ಸಾಮಾನು ಕಾಪಾಡುವ ತರಬೇತಿಗೆ ಸೇರಿದ್ದಳೆಂದು ಮಾತಿನಿಂದಲೇ ಗೊತ್ತಾಯಿತು.

“ನಿಮ್ಮ ಮ್ಯೂಸಿಯಮ್ಮಿಗೆ ಅಂತ ಕೊಟ್ಟೆವಲ್ಲ, ಅತ್ತೆ ಹೊಲಿದ ಕೌದಿ, ಅದೆಲ್ಲಿ? ನಿನ್ನೆ ಹೋಗಿ ನೋಡಿದೆ. ಗಾಜಿನ ಕಪಾಟಿನಲ್ಲಿ ಹೆಸರಿನ ಚೀಟಿ ಇದೆ, ಕೌದಿ ಇಲ್ಲ.”

“ಫ್ರೀಜರಿನಲ್ಲಿದೆ ಅತ್ತಿಗೆ.”

“ಕೌದಿಯೇನು ಹಸಿ ಮೀನೇ, ಫ್ರೀಜರಿನಲ್ಲಿಡೋಕೆ? ಯಾರಿಗಾದರೂ ಮಾರಿದ್ದರೆ ಈಗಲೇ ಹೇಳಿಬಿಡು.”

“ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ನಾನೇ ಇಟ್ಟಿದ್ದೀನಿ. ಬಟ್ಟೆ ಯಾವುದೇ ಬರಲಿ, ಹುಳ ಇದ್ದರೆ ಸಾಯಲಿ ಅಂತ ಮೊದಲು ಹಾಗೆ ಮಾಡ್ತೀವಿ.”

“ಹುಳವಾ? ನಮ್ಮ ಹಾಸಿಗೆಯಲ್ಲಿ ಹುಳ ಇದೆ ಅಂತ ಊರಿಗೆಲ್ಲ ಡಂಗುರ ಹೊಡೆದೆಯಾ? ಇನ್ನು ನಮ್ಮನೆಗೆ ಬಂದವರು ಚಾಪೆ ಮೇಲೂ ಕೂರಲ್ಲ.”

“ಎಲ್ಲರ ಮನೆಯದ್ದನ್ನೂ ಇಡ್ತೀವಿ.”

“ಎದುರುಮನೆಯವರ ಕಂಬಳಿ?”

“ಅದೂ ಅಲ್ಲೇ ಇದೆ.”

ಅತ್ತಿಗೆಯ ದನಿ ಇಳಿಯಿತು. “ಅದರಲ್ಲಿ ಹುಳ ಸಿಕ್ಕಿತಾ?”

“ಯಾರದ್ದರಲ್ಲಿ ಏನು ಸಿಕ್ಕಿತು ಅಂತ ಹೊರಗೆ ಹೇಳಬಾರದು. ತರಬೇತಿಯಲ್ಲಿ ಕಟ್ಟುನಿಟ್ಟಾಗಿ ಹೇಳಿದ್ದಾರೆ.”

“ಅಂದರೆ ಸಿಕ್ಕಿದೆ. ನನಗೆ ಮೊದಲೇ ಅನುಮಾನ ಇತ್ತು.”

“ಅತ್ತಿಗೆ, ಎದುರುಮನೆಯಾಕೆ ನಮ್ಮ ಕೌದಿಯ ವಿಚಾರ ಕೇಳಿದಾಗಲೂ ನಾನು ಇದನ್ನೇ ಹೇಳಿದ್ದು.”

ಅತ್ತಿಗೆ ಬಾಯಿ ತೆರೆದರು. ಅಷ್ಟರಲ್ಲಿ ಡಾಕ್ಟರು ಕರೆದರು. ತೆರೆದ ಬಾಯಿಯಲ್ಲೇ ಎದ್ದು ಒಳಗೆ ಹೋದರು.