ಹಳೆಯ ಜೋಡು ತಂದವರಿಗಷ್ಟೇ ಹೊಸದು

ಓಟದ ಷೂ ಒಂದು ಜೊತೆಗೆ ಐದು ಸಾವಿರ ರೂಪಾಯಿ ಎಂದಿಟ್ಟುಕೊಳ್ಳಿ. ಅಟ್ಟೆಯ ರಬ್ಬರಿಗೆ ನಾನೂರು. ಮೇಲಿನ ಬಟ್ಟೆಗೆ ಮುನ್ನೂರು. ಅಂಟು, ದಾರ, ಲೇಸು ಸೇರಿ ಇನ್ನೂರು. ಹೊಲಿದ ಹೆಣ್ಣುಮಗಳಿಗೆ ನೂರೈವತ್ತು. ಹಡಗು, ಲಾರಿ, ಸುಂಕ, ಅಂಗಡಿಯ ಬಾಡಿಗೆ ಎಲ್ಲಕ್ಕೂ ಸಾವಿರದೈನೂರು ಹಿಡಿಯಿರಿ. ಧಾರಾಳವಾಗಿಯೇ ಹಿಡಿದಿದ್ದೇನೆ. ಆದರೂ ಎರಡೂವರೆ ಸಾವಿರದ ಮೇಲೆ ಐವತ್ತು ಮಾತ್ರ ಆಯಿತು. ಉಳಿದದ್ದು ಎಲ್ಲಿಗೆ ಹೋಯಿತು? ಷೂವಿನ ಪಕ್ಕದಲ್ಲಿ ಒಂದು ಪುಟ್ಟ ಗುರುತು ಇರುತ್ತದಲ್ಲ, ಅದಕ್ಕೆ ಹೋಯಿತು. ಎರಡು ಬೆರಳಗಲದ ಗುರುತಿಗೆ ಅಷ್ಟು ಬೆಲೆ ಬರಬೇಕಾದರೆ ಅದರೊಳಗೆ ಏನಿರಬೇಕು?

ನೀವೆಲ್ಲ ಈ ಪ್ರವಚನಕ್ಕೆ ಜೋಡು ಹೊರಗೆ ಬಿಟ್ಟು ಬಂದಿದ್ದೀರಿ. ಅರ್ಧ ಮನಸ್ಸು ಅಲ್ಲೇ ಇದೆ ಎಂಬುದು ನನಗೆ ಗೊತ್ತು. ಇರಲಿ, ಇವತ್ತು ಅಲ್ಲಿದ್ದರೂ ನಡೆಯುತ್ತದೆ.

ಒಂದೂರಿನಲ್ಲಿ ಒಬ್ಬ ಶ್ರೀಮಂತನಿದ್ದ. ಹುಟ್ಟಾ ಶ್ರೀಮಂತನಲ್ಲ. ಮೊದಲು ಓಟದ ಮೈದಾನದ ಗೇಟಿನ ಪಕ್ಕದಲ್ಲಿ ಗೋಣಿತಟ್ಟು ಹಾಸಿಕೊಂಡು ಓಟಗಾರರಿಗೆ ಜೋಡು ಹೊಲಿಯುತ್ತಿದ್ದ. ಅವನದೊಂದು ನೇಮ. ಯಾರೇ ಬರಲಿ, "ಹಳೇ ಜೋಡು ತಂದೀಯೇನು?" ಎಂದು ಕೇಳುತ್ತಿದ್ದ. ತಂದಿಲ್ಲವೆಂದರೆ ಹೊಸದು ಹೊಲಿಯುತ್ತಿರಲಿಲ್ಲ.

ಒಬ್ಬ ಓಟಗಾರ ರೇಗಿದನಂತೆ. "ರೊಕ್ಕ ತಂದೀನಿ, ಸಾಲದೇನು?"

"ರೊಕ್ಕ ನಿನ್ನ ಕಾಲಿನ ಸುದ್ದಿ ಹೇಳಂಗಿಲ್ಲೋ ತಮ್ಮಾ. ಜೋಡು ಹೇಳತೈತಿ."

ಹಳೆಯದನ್ನು ಬೋರಲು ಹಾಕಿ, ಅಟ್ಟೆ ಎಲ್ಲಿ ಸವೆದಿದೆ ಎಂದು ಬೆರಳಾಡಿಸಿ ನೋಡುತ್ತಿದ್ದ. ಆಮೇಲೆ ಎರಡನೆಯ ಪ್ರಶ್ನೆ: "ಎಲ್ಲಿ ಕಚ್ಚತೈತಿ?" ಇವೆರಡೇ ಪ್ರಶ್ನೆ. ಅವನು ಹೊಲಿದುಕೊಟ್ಟ ಜೋಡು ಹಾಕಿಕೊಂಡವರು ಗೆದ್ದರು. ಗೆದ್ದವರನ್ನು ನೋಡಿ ಪಕ್ಕದ ಊರಿನವರು ಬಂದರು.

ಎಲ್ಲ ಊರಿನ ಗೇಟಿನಲ್ಲೂ ಒಬ್ಬನೇ ಕೂರಲಾಗುತ್ತದೆಯೇ? ಅದಕ್ಕೆ ಅವನು ಒಂದು ಉಪಾಯ ಮಾಡಿದ. ಪ್ರತಿ ಊರಿನಲ್ಲೂ ಮೈದಾನದ ಹತ್ತಿರದ ಸಣ್ಣ ಅಂಗಡಿಯವರೊಬ್ಬರನ್ನು ಹಿಡಿದ. ಅವರು ಹೊಸದನ್ನು ಮಾರಬೇಕು, ಹಳೆಯದನ್ನು ಇಸಿದುಕೊಳ್ಳಬೇಕು, ಎಲ್ಲಿ ಕಚ್ಚುತ್ತದೆ ಎಂದು ಚೀಟಿ ಬರೆದು ಅದರೊಳಗೆ ತುರುಕಬೇಕು. ತಿಂಗಳಿಗೊಮ್ಮೆ ಕಂಪನಿಯ ಗಾಡಿ ಬಂದು ಹಳೆಯ ಜೋಡಿನ ಚೀಲ ಒಯ್ಯುತ್ತದೆ. ಮೊದಲ ಅಂಗಡಿ ಅವನ ಗೋಣಿತಟ್ಟಿನ ಎದುರಿಗೇ ಇದ್ದ ತಂಗೆವ್ವನದು. ತಂಗೆವ್ವ ಅವನನ್ನು ಅಣ್ಣಾ ಎಂದೇ ಕರೆಯುತ್ತಿದ್ದಳು. ಅಣ್ಣನ ಜೋಡು ಅವಳ ಅಂಗಡಿಯ ಮುಂದಿನ ಸಾಲಿನಲ್ಲಿ ಇರುತ್ತಿತ್ತು.

ಹೀಗೆ ನಡೆದು ನಡೆದು ಕಂಪನಿ ನಲವತ್ತು ದೇಶ ಮುಟ್ಟಿತು. ಗುರುತು ಟೋಪಿಯ ಮೇಲೆ ಬಂತು, ಬನಿಯನ್ನಿನ ಮೇಲೆ ಬಂತು.

ಆಗ ಓದಿದ ಸಲಹೆಗಾರರು ಬಂದರು. "ಸರ್, ಅಂಗಡಿಯವರಿಗೆ ನೂರಕ್ಕೆ ಮೂವತ್ತು ಯಾಕೆ ಕೊಡಬೇಕು? ಫೋನಿನಲ್ಲೇ ನೇರ ಮಾರೋಣ. ಹಳೇ ಷೂ ಹೊತ್ತು ತರೋ ಗಾಡಿಗೆ ಡೀಸೆಲ್ ಬೇರೆ. ಗೋದಾಮೆಲ್ಲ ವಾಸನೆ."

ನೋಡಿ, ಅವರ ಲೆಕ್ಕ ತಪ್ಪಿರಲಿಲ್ಲ. ಶ್ರೀಮಂತನೂ ಕೆಟ್ಟವನಲ್ಲ. ಆಗಲಿ ಎಂದ. ಅಂಗಡಿಗಳನ್ನು ಕೈಬಿಟ್ಟದ್ದಾಯಿತು, ಗಾಡಿ ನಿಂತಿತು, ವಾಸನೆಯೂ ಹೋಯಿತು. ಎರಡು ವರ್ಷ ಲಾಭ ಏರಿತು. ಮೂರನೆಯ ವರ್ಷ ಓಟಗಾರರು ಬೇರೆ ಕಂಪನಿಯ ಷೂ ಹಾಕತೊಡಗಿದರು. ಗುರುತು ದೊಡ್ಡದು ಮಾಡಿ ಎಂದರು ಸಲಹೆಗಾರರು, ಮಾಡಿದ. ಹೆಸರಾಂತ ಆಟಗಾರನಿಂದ ಜಾಹೀರಾತು ಮಾಡಿಸಿ ಎಂದರು, ಮಾಡಿಸಿದ. ಮಾರಾಟ ಇನ್ನೂ ಇಳಿಯಿತು. ಕೊನೆಗೆ ಒಂದು ಕಾರ್ಖಾನೆ ಮುಚ್ಚುವ ಕಾಗದ ಅವನ ಮೇಜಿಗೆ ಬಂತು. ಆ ಕಾರ್ಖಾನೆಯಲ್ಲಿ ಒಂಬೈನೂರು ಹೆಣ್ಣುಮಕ್ಕಳು ಹೊಲಿಯುತ್ತಿದ್ದರು. ಪೆನ್ನು ಕೈಯಲ್ಲಿ ಹಿಡಿದು ಅವನು ಕೇಳಿದ, "ಜನ ಯಾಕೆ ಬಿಟ್ಟು ಹೋದರು?" ನಲವತ್ತು ದೇಶದ ಕಂಪನಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ರುಜು ಹಾಕಲಿಲ್ಲ. ಎಂಟು ದಿನ ತಡೆಯಿರಿ ಎಂದು ಹೇಳಿ, ಹಳೆಯ ಮೈದಾನಕ್ಕೆ ಬಂದ. ತಂಗೆವ್ವನ ಅಂಗಡಿ ಇನ್ನೂ ಇತ್ತು. ಮುಂದಿನ ಸಾಲಿನಲ್ಲಿ ಬೇರೆಯವರ ಷೂ ಇತ್ತು.

"ಬರ್ರಿ ಸಾಹೇಬ್ರ, ಯಾವ ನಂಬರ್ ಬೇಕಾಗಿತ್ತು?"

"ತಂಗೆವ್ವಾ, ಗುರ್ತ ಸಿಗಲಿಲ್ಲೇನು?"

"ಸಿಕ್ಕೈತ್ರಿ. ಪೇಪರ್‌ನ್ಯಾಗ ನಿಮ್ಮ ಫೋಟೋ ಬರತೈತಲ್ರಿ."

"ಜನ ನಮ್ಮ ಜೋಡು ಯಾಕ ಬಿಟ್ರು?"

"ಇದನ್ನ ಕೇಳಾಕ ಇಷ್ಟು ದೂರ ಯಾಕ ಬಂದ್ರಿ? ಫೋನಿನ್ಯಾಗ ಕೇಳಬೇಕಿತ್ತಲ್ರಿ?"

ಅವನು ತಲೆ ತಗ್ಗಿಸಿದ. ಅವಳು ಅಟ್ಟದಿಂದ ಒಂದು ಚೀಲ ಎಳೆದು ಅವನ ಮುಂದೆ ಕೆಡವಿದಳು.

"ಗಾಡಿ ಬರತೈತಿ ಅಂತ ಕೂಡಿಸಿಟ್ಟಿದ್ದೆ. ಇಲಿ ತಿಂದು ಬಿಟ್ಟದ್ದು ಇಷ್ಟ ಐತಿ. ಕೊಳ್ಳೂದು ಫೋನಿನ್ಯಾಗ, ಬೈಯಾಕ ಬರೂದು ಮಾತ್ರ ನನ್ನ ಅಂಗಡಿಗೆ."

ಶ್ರೀಮಂತ ನೆಲದ ಮೇಲೆ ಕುಳಿತ. ಒಂದೊಂದೇ ಜೋಡು ಬೋರಲು ಹಾಕಿದ. ನಲವತ್ತೆರಡು ಜೊತೆ. ಎಲ್ಲದರಲ್ಲೂ ಹಿಮ್ಮಡಿಯ ಒಳಗಡೆ, ಒಂದೇ ಜಾಗದಲ್ಲಿ, ಬಿರುಕು. ಎಲ್ಲ ಚೀಟಿಯಲ್ಲೂ ಒಂದೇ ಮಾತು: ಹಿಮ್ಮಡಿ ಕಚ್ಚುತ್ತದೆ. ಒಂದೊಂದು ಜೊತೆಗೆ ಹನ್ನೆರಡು ರೂಪಾಯಿ ಉಳಿಸಲೆಂದು ಮೂರು ವರ್ಷದ ಹಿಂದೆ ಅವನ ಕಂಪನಿಯೇ ಹಿಮ್ಮಡಿಗೆ ಗಟ್ಟಿ ರಬ್ಬರು ಹಾಕಿಸಿತ್ತು. ಅರ್ಧ ಗಂಟೆಯಲ್ಲಿ ಉತ್ತರ ಸಿಕ್ಕಿತು.

"ಮತ್ತ ಗಾಡಿ ಕಳಸ್ತೀನಿ ತಂಗೆವ್ವಾ. ಮೊದಲಿನಂಗ ಮುಂದಿನ ಸಾಲಿನ್ಯಾಗ ಇಡತೀಯಲ್ಲ?"

"ಮಾರತೀನ್ರಿ, ಯಾಕ ಮಾರಂಗಿಲ್ಲ? ಮುಂದಿನ ಸಾಲು ಮಾತ್ರ ಕೇಳಬ್ಯಾಡ್ರಿ. ನೀವು ಕೈ ಬಿಟ್ಟ ವರ್ಷ ಈ ಬ್ಯಾರೆ ಕಂಪನಿಯವ್ರು ಬಂದು ಇದ ಕಟ್ಟಿ ಮ್ಯಾಲ ಕುಂತು, ಎಲ್ಲಿ ಕಚ್ಚತೈತಿ ಅಕ್ಕಾ ಅಂತ ಕೇಳಿದ್ರು. ಅವ್ರನ್ನ ಹೆಂಗ ಹಿಂದ ಸರಸ್ಲಿ ಸಾಹೇಬ್ರ?"

ಅವನು ಚೀಲ ಹೊತ್ತುಕೊಂಡು ಹೋದ. ರಬ್ಬರು ಬದಲಾಯಿತು. ಕಾರ್ಖಾನೆ ಮುಚ್ಚುವ ಕಾಗದ ಹರಿದುಹೋಯಿತು.

ಈಗ ಹೇಳಿ, ಆ ಗುರುತಿನೊಳಗೆ ಇದ್ದದ್ದೇನು? ಎಲ್ಲಿ ಕಚ್ಚುತ್ತದೆ ಎಂದು ಒಬ್ಬ ಕೇಳುತ್ತಿದ್ದ. ಅದಕ್ಕೆ ಜನ ದುಡ್ಡು ಕೊಡುತ್ತಿದ್ದರು. ಕೇಳುವುದು ನಿಂತ ಮೇಲೆ ಉಳಿದದ್ದು ಬರೀ ಗುರುತು.

ಅಯ್ಯೋ, ಅದು ಕಂಪನಿಯ ಮಾತು, ನಮಗೇನು ಎನ್ನಬೇಡಿ. ಇಲ್ಲಿ ಮುಂದೆ ಖಾನಾವಳಿ ನಡೆಸುವವರು ಕುಳಿತಿದ್ದೀರಿ. ಎಲೆಯಲ್ಲಿ ಅರ್ಧ ಬಿಟ್ಟು ಎದ್ದವರನ್ನು ಯಾಕೆ ಎಂದು ಕೇಳಿದ್ದೀರಾ? ಅತ್ತೆಯರು ಕುಳಿತಿದ್ದೀರಿ. ಸೊಸೆ ಮೊದಲು ಎದುರು ಮಾತಾಡುತ್ತಿದ್ದಳು, ಈಗ ಬಾಯಿ ತೆರೆಯುವುದಿಲ್ಲ, ತಿದ್ದಿಕೊಂಡಳು ಎಂದು ಹಿಗ್ಗಿದ್ದೀರಿ. ತಾಯೀ, ಅವಳು ಹಳೇ ಜೋಡು ತರುವುದನ್ನು ನಿಲ್ಲಿಸಿದ್ದಾಳೆ. ಗಂಡಸರು ನಗಬೇಡಿ. ನಿಮ್ಮ ಮನೆಯವರು ಕೊನೆಯ ಸಲ ನಿಮ್ಮ ಮೇಲೆ ದೂರು ಹೇಳಿದ್ದು ಯಾವಾಗ? ಅದಕ್ಕೆ ನೀವು ಏನೆಂದಿರಿ? ದೂರು ನಿಂತ ಮನೆಯಲ್ಲಿ ಎಲ್ಲ ಸರಿಯಿದೆ ಎಂದು ತಿಳಿಯುವುದು ಆ ಸಲಹೆಗಾರರ ಲೆಕ್ಕ. ವಾಸನೆ ಹೋಯಿತು, ಡೀಸೆಲ್ ಉಳಿಯಿತು.

ಇವತ್ತು ಹೊರಗೆ ಹೋದವರು ನಿಮ್ಮ ನಿಮ್ಮ ಜೋಡು ಒಮ್ಮೆ ಬೋರಲು ಹಾಕಿ ನೋಡಿ. ನಿಮ್ಮದನ್ನೇ ನೋಡಿ, ಪಕ್ಕದವರದು ಬೇಡ. ಮನೆಗೆ ಹೋಗಿ ಒಬ್ಬರನ್ನು, ಒಬ್ಬರನ್ನು ಸಾಕು, ಕೇಳಿ: ನನ್ನಿಂದ ಎಲ್ಲಿ ಕಚ್ಚುತ್ತದೆ? ಅವರು ಹೇಳುವಾಗ ಉತ್ತರ ಕೊಡಬೇಡಿ. ಉತ್ತರ ಕೊಟ್ಟಿರೋ, ಗಾಡಿ ನಿಂತಿತು ಎಂದೇ ಅರ್ಥ. ಎಂಟು ದಿನದಲ್ಲಿ ಅದೊಂದನ್ನು ಸರಿಮಾಡಿ, ಮತ್ತೆ ಕೇಳಿ. ತಿಂಗಳಿಗೊಮ್ಮೆ ಕೇಳಿ. ತಡ ಮಾಡಬೇಡಿ. ತಡ ಮಾಡಿದವನಿಗೆ ಏನಾಯಿತೆಂದು ಕೇಳಿದಿರಲ್ಲ.

ಒಂಬೈನೂರು ಹೆಣ್ಣುಮಕ್ಕಳ ಕೆಲಸ ಉಳಿಯಿತು, ಕಂಪನಿಯೂ ಉಳಿಯಿತು. ಮುಂದಿನ ಸಾಲು ಹೋಯಿತು. ತಂಗೆವ್ವ ಆಮೇಲೂ ಇಪ್ಪತ್ತು ವರ್ಷ ಅವನ ಜೋಡು ಮಾರಿದಳು, ಆದರೆ ಅಣ್ಣಾ ಎಂದು ಮತ್ತೆ ಕರೆಯಲಿಲ್ಲ.