ಟ್ರೇಲರಿನಲ್ಲಿ ನಿಂತ ಅಲಮಾರಿ

ಮಹಾರಾಷ್ಟ್ರದ ಯೇವಲಾದ ಹೆದ್ದಾರಿ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಿದ್ದ ವಸಂತಿಗೆ ಕನ್ನಡ ಕೇಳಿಸಿತು; ಕಿವಿ ತಾನಾಗಿ ಅತ್ತ ಹೊರಳಿತು. ಅಂಗಳದಲ್ಲಿ ಹೊಸ ಎಲೆಕ್ಟ್ರಿಕ್ ಪಿಕಪ್ ಚಾರ್ಜಿಗೆ ನಿಂತಿತ್ತು. ಅದರ ಹಿಂದಿನ ಟ್ರೇಲರಿನಲ್ಲಿ ಕೆಂಪು ರಿಬ್ಬನ್ ಸುತ್ತಿದ ಅಲಮಾರಿಯೊಂದು ನೆಟ್ಟಗೆ ನಿಂತಿತ್ತು. ಬೆಂಚಿನ ಮೇಲಿದ್ದವರು ತಮ್ಮನ ಮದುವೆಗೆ ಗಂಗಾಪುರಕ್ಕೆ ಹೊರಟ ಅಕ್ಕತಂಗಿಯರು; ತಂಗಿಯ ಗಂಡ ಗಾಡಿಯ ಬಳಿ ನಿಂತಿದ್ದ.

“ನಾಶಿಕದಾಗ ಫುಲ್ ಚಾರ್ಜ್ ಇತ್ತಲ್ಲ ಅನು? ನಮ್ಮವರ ಡೀಸೆಲ್ ಗಾಡಿ ಇಷ್ಟೊತ್ತಿಗೆ ಮುಟ್ಟತಿತ್ತು,” ಎಂದಳು ಅಕ್ಕ.

“ಟ್ರೇಲರ್ ಎಳದ್ರ ಚಾರ್ಜ್ ಲಗೂ ಇಳೀತದ ಅಕ್ಕಾ. ಅದರಾಗ ನಿನ್ನ ಅಲಮಾರಿ ಗ್ವಾಡಿ ಹಂಗ ಗಾಳಿಗೆ ಅಡ್ಡ ನಿಂತದ. ಮಲಗಸೂಣು ಅಂತ ಇವರು ಮುಂಜಾನೇನ ಅಂದ್ರು.”

“ಎಲ್ಲಾರೂ ನಿನ್ನ ಹೊಸಾ ಗಾಡಿ ನೋಡ್ತಾರ. ತಮ್ಮಗ ನಾ ಕೊಡೂ ಆಹೇರ ಮಾತ್ರ ಹೆಣದಂಗ ಮಲಗಿ ಬರಬೇಕೇನು?”

“ಮದುವಿಗೆ ಹೊಂಟು ಎಂಥಾ ಮಾತಾಡ್ತಿ! ನಾ ಕೊಡೂ ಫ್ರಿಜ್ ಗಾಡ್ಯಾಗ ತಾಡಪತ್ರಿ ಹೊದ್ದು ಮಲಗೇದ. ನಾ ಏನರ ಅಂದ್ನೇನು?”

“ಹಂಗಾರ ಛಲೋ ಆತು. ಬಾಗಿಲಿಗೆ ಬಂದವರು ಮೊದಲ ಅಲಮಾರೀನ ನೋಡ್ತಾರ,” ಅಕ್ಕ ನಕ್ಕಳು.

ತಂಗಿ ಆ ಕೆಂಪು ರಿಬ್ಬನ್ನನ್ನೇ ನೋಡುತ್ತ ಕುಳಿತಳು. ಆಮೇಲೆ ಎದ್ದು, ಚಾರ್ಜಿನ ವೈರು ಬಿಚ್ಚುತ್ತಿದ್ದ ಗಂಡನತ್ತ ಹೊರಟಳು.

“ರೀ, ಫ್ರಿಜ್ ಟ್ರೇಲರಿಗೆ ಹಾಕ್ರಿ. ನಿಂದರಸ್ರಿ. ತಾಡಪತ್ರಿ ಬ್ಯಾಡ.”

“ಅನು, ನನ್ನ ಅಲಮಾರಿ ಮುಂದ ನಿಂದರಸಬ್ಯಾಡ ಮತ್ತ!” ಎನ್ನುತ್ತ ಅಕ್ಕನೂ ಹಿಂದೆಯೇ ಓಡಿದಳು.

ಗಂಡ ಬಿಚ್ಚಿದ ವೈರನ್ನು ಮತ್ತೆ ಗಾಡಿಗೆ ಸಿಕ್ಕಿಸಿ, ವಸಂತಿಯ ಬಳಿ ಬಂದು ಮೂರು ಊಟ ಹೇಳಿದ.